ಶಹಾಬಾದಿನ ಕೂಪನ್

ಮನೆಯ ಗಂಡಸು ಕೂತಲ್ಲಿ ಕೂಡದೆ, ನಿಂತಲ್ಲಿ ನಿಲ್ಲದೆ ಬೆಳಗಿನಿಂದ ಸಂಜೆಯ ತನಕ ಒಳಗೂ ಹೊರಗೂ ತಿರುಗುತ್ತಿದ್ದರೆ ಆ ಮನೆಯ ಹೆಂಗಸಿನ ತಲೆ ಎಷ್ಟು ದಿನ ನೆಟ್ಟಗಿದ್ದೀತು? ನನ್ನದು ಯುಗಾದಿಯವರೆಗೆ ನೆಟ್ಟಗಿತ್ತು. ಆಮೇಲೆ ನನ್ನ ಕೈಲಾಗಲಿಲ್ಲ.

ನನ್ನ ಗಂಡ ಒಂದು ಸಿಮೆಂಟ್ ಕಾರ್ಖಾನೆಯ ಲೆಕ್ಕಪತ್ರದ ಕಚೇರಿಯಲ್ಲಿ ನಮ್ಮ ಮದುವೆಗೂ ಮುಂಚಿನಿಂದ ಇದ್ದವರು. ಆ ಕಚೇರಿಯನ್ನೇ ದೂರದ ಊರಿಗೆ ಒಯ್ಯುವುದೆಂದು ಆಯಿತು. ಬರುವವರು ಬರಬಹುದು, ಒಲ್ಲದವರು ಬಿಡಬಹುದು. ಅತ್ತೆಗೆ ಸೇಡಂನ ಮನೆ, ಮಠ, ಹಿತ್ತಲಿನ ಬಾವಿಯ ಮಡಿನೀರು ಬಿಟ್ಟು ಒಂದು ದಿನವೂ ಆಗುವುದಿಲ್ಲ. ಇವರು ಕೆಲಸ ಬಿಟ್ಟರು. ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆ ಗಡಿಯಾರ ನೋಡಿಕೊಂಡೇ ಇವರು ತಿರುಗಲು ಶುರುಮಾಡಿದ್ದು. ಒಂಬತ್ತಾಯಿತೆಂದರೆ ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಹಿತ್ತಲಿಗೆ. ಕಾರ್ಖಾನೆಯ ಬಸ್ಸು ಓಣಿಯ ತುದಿಯಲ್ಲಿ ಹಾರ್ನ್ ಹೊಡೆದರೆ ಕೈ ತಾನಾಗಿ ಕಿಸೆಯ ಪೆನ್ನು ಹುಡುಕುತ್ತಿತ್ತು. ಊಟಕ್ಕೆ ಕೂತರೆ ಅನ್ನ ಸಾರಿನಲ್ಲೇ ಎದ್ದುಬಿಡುತ್ತಿದ್ದರು. ಮಜ್ಜಿಗೆ ಅನ್ನಕ್ಕೆ ಕೂಡುವಷ್ಟು ಪುರಸೊತ್ತು ಇಲ್ಲದವರ ಹಾಗೆ. ಎಲ್ಲಿಗೆ ಹೋಗಬೇಕಿತ್ತೋ!

ಕೆಲಸ ಸಿಗಲಿಲ್ಲವೆಂದಲ್ಲ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಗಿರಣಿಯೊಂದಿದೆ. ಅದರ ಮಾಲಕರು ಇವರಿಗೆ ಹಳೆಯ ಪರಿಚಯ, ಹಣೆಯ ತುಂಬ ವಿಭೂತಿ ಹಚ್ಚುವ, ಮಾತಿಗೆ ತಪ್ಪದ ಮನುಷ್ಯ. "ಲೆಕ್ಕಾ ನೋಡವ್ರು ಬೇಕಾಗ್ಯಾರ, ನೀವ ಬರ್ರಿ ಸಾಹೇಬ್ರ" ಎಂದು ಬೇಸಿಗೆಯಿಂದಲೂ ಫೋನು ಮಾಡುತ್ತಿದ್ದರು. ಇವರು "ಆಯ್ತ್ರಿ, ನೋಡೋಣ್ರಿ" ಎಂದು ಫೋನು ಇಟ್ಟು ನನ್ನ ಕಡೆ ತಿರುಗಿ ಮುಖ ಕಿವುಚುತ್ತಿದ್ದರು.

"ತಗಡಿನ ಶೆಡ್ಡು. ಮೈಯೆಲ್ಲ ಧೂಳು. ಹಮಾಲರ ಕೂಡ ಒದರಾಡಬೇಕು. ಅದೇನು ಆಫೀಸೇನು?"

ಒದರಾಡುವ ಮಾತು ಬಿಡಿ, ಆ ಹೊತ್ತಿಗೆ ಇವರ ದನಿಯೇ ಬಿದ್ದುಹೋಗಿತ್ತು. ಹಾಲಿನವನಿಗೆ "ನಾಳೆ ಜಾಸ್ತಿ ಹಾಕಪ್ಪ" ಅನ್ನುವುದಕ್ಕೂ ನನ್ನನ್ನೇ ಕಳಿಸುತ್ತಿದ್ದರು. ಒಂದು ಕಾಲಕ್ಕೆ ವಾಡಿ ಸ್ಟೇಷನ್ನಿನಲ್ಲಿ ಸೀಟಿಗಾಗಿ ಇವರು ಜಗಳ ತೆಗೆದರೆ ಇಡೀ ರೈಲು ಡಬ್ಬಿ ಇವರ ಕಡೆ ತಿರುಗುತ್ತಿತ್ತು. ನನಗೆ ಹೆದರಿಕೆ ಹುಟ್ಟಿದ್ದು ಸಂಸಾರ ಹೇಗೆ ನಡೆದೀತು ಎಂದಲ್ಲ, ನನ್ನ ಕಣ್ಣೆದುರೇ ಈ ಮನುಷ್ಯ ದಿನದಿನಕ್ಕೆ ಸಣ್ಣವನಾಗುತ್ತಿದ್ದಾನಲ್ಲ ಎಂದು. ಶಹಾಬಾದಿಗೆ ಹೋದರೆ ಉಳಿದಾರು ಅನ್ನುವುದೊಂದೇ ನನ್ನ ತಲೆಯಲ್ಲಿ ಕೂತಿತ್ತು.

ಇವರ ತಲೆಯಲ್ಲಿ ಕೂತದ್ದು ಕೂಪನ್ನು.

ಸಾಬೂನು ಪುಡಿಯ ಪಾಕೀಟಿನ ಬೆನ್ನ ಮೇಲೆ ಒಂದು ಚುಕ್ಕಿಗೆರೆ, ಪಕ್ಕದಲ್ಲಿ ಪುಟ್ಟ ಕತ್ತರಿಯ ಚಿತ್ರ. ಕತ್ತರಿಸಿ ತಂದರೆ ಮುಂದಿನ ಪಾಕೀಟಿಗೆ ರಿಯಾಯಿತಿ. ನಾನು ಇಷ್ಟು ವರ್ಷ ಅದನ್ನು ಕಸದ ಬುಟ್ಟಿಗೆ ಹಾಕಿದವಳು. ಇವರು ಒಂದು ಮಧ್ಯಾಹ್ನ ಅದನ್ನು ಕತ್ತರಿಸಿದರು. ಮರುದಿನ ಚಹಾಪುಡಿಯದು. ಆಮೇಲೆ ದಿನಪತ್ರಿಕೆಯ ಮೂಲೆಗಳು ಹೋಗತೊಡಗಿದವು. ಅತ್ತೆ ಪಂಚಾಂಗದ ಅಂಕಣ ಓದಲು ಕೂತರೆ ಪತ್ರಿಕೆಯ ನಡುವೆ ಕಿಟಕಿ ಕೊರೆದಿರುತ್ತಿತ್ತು. ಪಡಸಾಲೆಯಲ್ಲಿ ಹಗ್ಗ ಕಟ್ಟಿ, ಬಟ್ಟೆಗೆ ಹಾಕುವ ಚಿಮಟಿ ಹಾಕಿ, ಯಾವುದು ಮೊದಲು ಮುಗಿಯುತ್ತದೋ ಅದು ಬಾಗಿಲ ಕಡೆಗೆ, ತಡವಾಗಿ ಮುಗಿಯುವುದು ದೇವರ ಮನೆಯ ಕಡೆಗೆ ಎಂದು ಸಾಲಾಗಿ ತೂಗುಬಿಟ್ಟರು. ಗಾಳಿ ಬಂದರೆ ಮನೆಯೆಲ್ಲ ಪಟಪಟ. ನಾನು ಒಗೆದ ಬಟ್ಟೆ ಹಾಕಲು ಚಿಮಟಿ ಸಿಗದೆ ಬೈದದ್ದೇ ಬಂತು.

"ಇದೂ ದುಡಿಮೀನ. ನಿನಗ ತಿಳಿಯಂಗಿಲ್ಲ" ಅಂದರು.

ದಸರೆಗೆ ಮುಂಚೆ ನಮ್ಮ ಕಡೆ ಒಂದೇ ಮಾಲಕರ ಐದು ದೊಡ್ಡ ಅಂಗಡಿಗಳು ತೆರೆದವು: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗೆ ಹತ್ತಿದ ಚಂದಾಪುರ. ಗಾಜಿನ ಬಾಗಿಲು, ಒಳಗೆ ಚಳಿ, ಚಪ್ಪಲಿ ಬಿಡುವ ಹಾಗಿಲ್ಲ. ಅವರು ಒಂದು ಕಾರ್ಡು ಹಂಚಿದರು. ಅದರಲ್ಲಿ ಐದು ಊರಿಗೆ ಐದು ಚೌಕದ ಮನೆ. ಯಾವ ಊರಿನಲ್ಲಿ ಅವರದೇ ಪಾಕೀಟಿನ ದೊಡ್ಡ ಚೀಲ ಕೊಳ್ಳುತ್ತೀರೋ ಆ ಊರಿನ ಕೂಪನ್ನು ಆ ಮನೆಯಲ್ಲಿ ಅಂಟಿಸುತ್ತಾರೆ. ಕಾರ್ತಿಕ ಹುಣ್ಣಿಮೆಯೊಳಗೆ ಐದೂ ತುಂಬಿದರೆ ಒಂದು ವರ್ಷ ಕಿರಾಣಿಯ ಮೇಲೆಲ್ಲ ಹತ್ತರಲ್ಲಿ ಒಂದು ಪಾಲು ಬಿಡುತ್ತಾರೆ. ಇವರು ಆ ಕಾರ್ಡನ್ನು ಹಿಡಿದದ್ದು ನೋಡಬೇಕಿತ್ತು. ನೌಕರಿಯ ಆರ್ಡರು ಬಂದಾಗಲೂ ಇಷ್ಟು ಜೋಪಾನವಾಗಿ ಹಿಡಿದಿರಲಿಕ್ಕಿಲ್ಲ.

ಸೇಡಂನ ಮನೆ ಅಂದೇ ತುಂಬಿತು. ಉಳಿದ ಊರಿಗೆ ಯಾರು ಹೋಗಬೇಕು?

"ಚಿತ್ತಾಪುರಕ್ಕ ನೀನ ಹೋಗಿ ಬಾ. ನಾ ಹೋದ್ರ ಟಿಕೀಟಿಗಿ ರೊಕ್ಕ ಹೋಗ್ತದ. ಹೆಣ್ಣಮಕ್ಕಳಿಗಿ ಬಸ್ಸು ಪುಕ್ಕಟ."

"ಬಸ್ಸು ಪುಕ್ಕಟ. ನನ್ನ ಕಾಲೂ ಪುಕ್ಕಟೇನ್ರಿ?" ಅಂದೆ. ಆದರೆ ಹೋದೆ. ಮನೆಯಲ್ಲಿ ಇವರ ಹೆಜ್ಜೆಯ ಸಪ್ಪಳ ಕೇಳುವುದಕ್ಕಿಂತ ಬಸ್ಸಿನ ಗಡಗಡ ವಾಸಿ ಅನ್ನಿಸಿತ್ತು. ಕಂಡಕ್ಟರು ಸೊನ್ನೆಯ ಟಿಕೀಟು ಹರಿದು ಕೊಟ್ಟ. ಕಿಟಕಿಯ ಪಕ್ಕ ಕೂತೆ. ಎರಡೂ ಕಡೆ ತೊಗರಿ ಹೂವಿಗೆ ಬಂದಿತ್ತು, ಹೊಲವೆಲ್ಲ ಹಳದಿ. ಚಿತ್ತಾಪುರದಲ್ಲಿ ಇಳಿದು, ಆ ಚಳಿಯ ಅಂಗಡಿಯಲ್ಲಿ ಚೀಲ ಹೊತ್ತು, ಕೂಪನ್ನು ಅಂಟಿಸಿಕೊಂಡು ಮರಳಿ ಬಂದೆ. ವಾರದೊಳಗೆ ವಾಡಿಗೂ ಹೋದೆ. ವಾಡಿಯಲ್ಲಿ ಬಸ್ಸು ತಪ್ಪಿ, ಸ್ಟೇಷನ್ನಿನ ಎದುರು ಚೀಲದ ಮೇಲೇ ಕೂತು ಮಿರ್ಚಿ ಭಜಿ ತಿಂದೆ. ಅತ್ತೆಗೆ ಹೇಳಲಿಲ್ಲ.

ಇನ್ನು ಆ ಚೀಲದ ಮಾತು. ಯಾವ ಚೀಲ ತಂದರೂ ಕೂಪನ್ನು ಸಿಗುತ್ತಿತ್ತು. ಗೋದಿ ಹಿಟ್ಟಿತ್ತು, ಅಕ್ಕಿಯಿತ್ತು, ಸಕ್ಕರೆಯಿತ್ತು. ಆದರೆ ಪತ್ರಿಕೆಯಲ್ಲಿ ತೊಗರಿಬೇಳೆಯ ಮೇಲೆ ಬೇರೆಯದೇ ಒಂದು ಕೂಪನ್ನು ಬಂದಿತ್ತು. ಕೂಪನ್ನಿನ ಮೇಲೆ ಕೂಪನ್ನು! ಅದನ್ನು ಬಿಟ್ಟರೆ ಇವರಿಗೆ ನಿದ್ದೆ ಬರುತ್ತಿತ್ತೇ? ಹೋದ ಊರಿನಿಂದೆಲ್ಲ ನಾನು ಹೊತ್ತು ತಂದದ್ದು ತೊಗರಿಬೇಳೆ. ನನ್ನ ತವರು ತೆಂಗಳಿ. ಅಲ್ಲಿಂದ ವರ್ಷಕ್ಕಾಗುವಷ್ಟು ಬೇಳೆ ಮನೆಗೆ ತಾನಾಗಿ ಬರುತ್ತದೆ. ಎದುರಿನ ಕಿರಾಣಿ ಅಂಗಡಿಯ ಅಕ್ಕ, ತೂಕ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಯಾರನ್ನೂ ಕಳಿಸದವಳು, ನನ್ನನ್ನು ಕಂಡು ಸೆರಗು ಬಾಯಿಗೆ ಹಿಡಿದು ನಕ್ಕಳು.

"ತೊಗರಿ ನಾಡಿನಾಗ ಹುಟ್ಟಿ ಪಾಕೀಟಿನ ಬ್ಯಾಳಿ ಹೊತಗೊಂಡು ಬರ್ಲಿಕತ್ತೀರಲ್ರಿ ಅಕ್ಕಾರ. ಆ ಕಾಗದದಾಗ ಕೊಸರು ಹಾಕ್ತಾರೇನ್ರಿ?"

ನಗಲಿ. ನಿಜವಾದ ತಮಾಷೆ ಅವಳಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಚಾತುರ್ಮಾಸ್ಯದ ಕೊನೆಯ ತಿಂಗಳು ದ್ವಿದಳ ವ್ರತ. ದಸರೆ ಕಳೆದು ಕಾರ್ತಿಕದ ದ್ವಾದಶಿಯ ತನಕ ಎರಡು ಹೋಳಾಗುವ ಯಾವ ಕಾಳೂ ಒಲೆಯ ಹತ್ತಿರ ಸುಳಿಯುವ ಹಾಗಿಲ್ಲ. ತೊವ್ವೆ ಇಲ್ಲ, ಹುಳಿ ಇಲ್ಲ, ಹೂರಣ ಇಲ್ಲ. ಮೆಣಸು ಜೀರಿಗೆಯ ಸಾರು ಕುಡಿದೂ ಕುಡಿದೂ ನಾಲಿಗೆ ಬೇಸತ್ತಿರುತ್ತದೆ. ಹುಟ್ಟಿದಾಗಿನಿಂದ ಆ ವ್ರತ ಹಿಡಿದ ಮನೆಯ ಮನುಷ್ಯ, ಪ್ರತಿಯೊಂದು ಕೂಪನ್ನಿನ ಕೊನೆಯ ದಿನ ಬಾಯಿಪಾಠ ಇದ್ದವರು, ಪಂಚಾಂಗದ ಆ ಒಂದು ತಿಂಗಳನ್ನೇ ಮರೆತು ಮನೆ ತುಂಬ ಬೇಳೆ ತರಿಸಿದ್ದರು. ಹೊತ್ತು ತಂದ ನನಗೂ ಮೂರನೆಯ ಚೀಲದ ತನಕ ಹೊಳೆಯಲಿಲ್ಲ ಅನ್ನಿ. ವಾಡಿಯ ಚೀಲ ಅಡುಗೆಮನೆಯ ಹೊಸ್ತಿಲ ಬಳಿ ಇಳಿಸಿದಾಗ ಮಡಿಯಲ್ಲಿದ್ದ ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

"ಏನವ್ವಾ ಇದು? ದ್ವಿದಳದಾಗ ಬ್ಯಾಳಿ ಗೋದಾಮು ತೆಗದೀರೇನು?"

ನಾನು ಇವರ ಮುಖ ನೋಡಿದೆ, ಇವರು ಗಡಿಯಾರದ ಮುಖ ನೋಡಿದರು. ಚೀಲಗಳು ಪಡಸಾಲೆಯ ಮಂಚದ ಕೆಳಗೆ ಹೋದವು. ಅತ್ತೆ ಹೋಗುತ್ತ ಬರುತ್ತ ಮಂಚದ ಕಡೆ ನೋಡಿ ಸಣ್ಣಗೆ ನಗುತ್ತಿದ್ದರು. ಇವರು ಮಾತ್ರ ನಗಲಿಲ್ಲ. ಮೊದಲಾಗಿದ್ದರೆ ತಮ್ಮ ತಪ್ಪಿಗೂ ನನ್ನ ಮೇಲೇ ಹರಿಹಾಯುತ್ತಿದ್ದರು. ಈಗ ಹಿತ್ತಲಿಗೆ ಹೋಗಿ ಬಾವಿಯ ಸುತ್ತ ತಿರುಗತೊಡಗಿದರು. ಬೈದರೂ ಬೇಕಾಗಿತ್ತು ನನಗೆ.

ಚಂದಾಪುರದ ದಾರಿ ದೂರ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದವಳೇ ಹೊರಟೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಚಿಮ್ಮನಚೋಡಕ್ಕೆ ಹೋಗುವ ಒಬ್ಬ ಮುದುಕಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ತನ್ನ ಸೊಸೆಯ ಕಥೆ ಹೇಳುತ್ತ ನನ್ನ ತೊಡೆಯ ಮೇಲೆ ತನ್ನ ಗಂಟು ಇಟ್ಟಳು. ಚಂದಾಪುರದ ಅಂಗಡಿಯಲ್ಲಿ ಈ ಸಲ ಸಕ್ಕರೆಯ ಚೀಲ ತೆಗೆದುಕೊಂಡೆ, ಕೂಪನ್ನು ಅಂಟಿಸಿಕೊಂಡೆ, ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತೆ. ಫೋನು ಬಂತು. ಶಹಾಬಾದಿನ ಗಿರಣಿಯ ಮಾಲಕರು.

"ಬಾಯಾರ, ಸಾಹೇಬ್ರು ಫೋನ್ ಎತ್ತಲಿಕತ್ತಿಲ್ರಿ. ತುಳಸಿ ಲಗ್ನದ ತನಕ ನಾ ಕಾಯ್ತೀನಿ. ಆಮ್ಯಾಲ ಬ್ಯಾರೆಯವರಿಗಿ ಹೇಳಬೇಕಾಗ್ತದ. ಬ್ಯಾಸರ ಮಾಡ್ಕೋಬ್ಯಾಡ್ರಿ, ನಂದೂ ನಡೀಬೇಕಲ್ರಿ."

ತುಳಸಿ ಲಗ್ನ ಅಂದರೆ ಅದೇ ದ್ವಾದಶಿಯ ಸಂಜೆ. ಉಳಿದದ್ದು ಕೆಲವೇ ದಿನ. ಮರಳಿ ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಇವರನ್ನು ಬೈದುಕೊಂಡೆ. ಈ ಮನುಷ್ಯ ಫೋನು ಎತ್ತುವುದಿಲ್ಲ, ಬಾಗಿಲಿಗೆ ಬಂದ ಕೆಲಸ ಒಲ್ಲೆ ಎಂದು ಹೇಳುವ ಧೈರ್ಯವೂ ಇಲ್ಲ, ಹೆಂಡತಿಯನ್ನು ಊರೂರು ಅಲೆಸಿ ಕಾಗದದ ಚೂರು ಅಂಟಿಸಿಕೊಳ್ಳುತ್ತ ಕೂತಿದ್ದಾನೆ. ಕೂತಿದ್ದಾನೆ ಅನ್ನಲೂ ಬರುವುದಿಲ್ಲ, ಕೂಡುವುದೂ ಇಲ್ಲವಲ್ಲ! ಸೇಡಂ ಬರುವಷ್ಟರಲ್ಲಿ ನನ್ನ ನಿರ್ಧಾರ ಗಟ್ಟಿಯಾಗಿತ್ತು.

ಮನೆಗೆ ಬಂದಾಗ ಇವರು ಅಂಗಳದಲ್ಲೇ ಕಾಯುತ್ತಿದ್ದರು. ಕಾರ್ಡು ಕಸಿದು ನೋಡಿ ಮುಖ ಅರಳಿಸಿದರು. "ಇನ್ನ ಶಹಾಬಾದ್ ಒಂದ ಉಳೀತು. ನಾಳೆ ಹೋಗಿಬಿಡು."

"ಶಹಾಬಾದಿಗಿ ನಾ ಹೋಗಂಗಿಲ್ಲ."

"ಯಾಕ?"

"ನನ್ನ ಕಾಲು ಹಿಡದಾವ."

"ಬಸ್ಸಿನ್ಯಾಗ ಕೂತು ಹೋಗೋದದ."

"ಹಂಗಾರ ನೀವ ಕೂತು ಹೋಗ್ರಿ. ಟಿಕೀಟಿನ ರೊಕ್ಕ ನಾ ಕೊಡ್ತೀನಿ. ಗಿರಣಿ ಮಾಲಕರು ತುಳಸಿ ಲಗ್ನದ ತನಕ ಕಾಯ್ತಾರಂತ. ಬರ್ತೀನಿ ಅನ್ರಿ, ಇಲ್ಲಾಂದ್ರ ಒಲ್ಲೆ ಅಂತ ಅವರ ಮಾರಿ ನೋಡಿ ಹೇಳಿ ಬರ್ರಿ. ಬರೋವಾಗ ನಿಮ್ಮ ಕೂಪನ್ನೂ ತರ್ರಿ."

ಅತ್ತೆ ಒಳಗಿನಿಂದ ಜಪಮಾಲೆ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಇವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ತಿರುಗಾಟ ಹೆಚ್ಚಾಯಿತು. ಹಗ್ಗದ ಮೇಲಿನ ಚಿಮಟಿಗಳನ್ನು ತೆಗೆದು ಹಾಕಿ, ಮತ್ತೆ ತೆಗೆದು ಹಾಕಿ ಮಾಡಿದರು. ನಾನೂ ಗಟ್ಟಿಯಾಗಿ ಕೂತೆ ಅಂದುಕೊಳ್ಳಬೇಡಿ. ಹಾಲು ಉಕ್ಕಿಸಿದೆ, ರಂಗೋಲಿ ತಪ್ಪಿಸಿದೆ, ಇವರು ಚಪ್ಪಲಿ ಮೆಟ್ಟಿದ ಸಪ್ಪಳವಾದಾಗಲೆಲ್ಲ ಬಾಗಿಲಿಗೆ ಓಡಿದೆ. ಓಣಿಯ ತುದಿಯ ತನಕ ಹೋಗಿ ತಿರುಗಿ ಬಂದುಬಿಡುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ಕಾರ್ಡನ್ನು ಕಿಸೆಯಲ್ಲಿಟ್ಟುಕೊಂಡು ಹೊರಟವರು ತಿರುಗಿ ಬರಲಿಲ್ಲ. ಪ್ಯಾಸೆಂಜರ್ ಗಾಡಿಗೆ ಹೋಗಿದ್ದರು.

ಅವತ್ತಿನ ಮಧ್ಯಾಹ್ನ ಹೇಗೆ ಕಳೆದೆನೋ. ಒಲ್ಲೆ ಎಂದು ಹೇಳಿ ಬಂದರೆ? ನಾನೇ ಅಲ್ಲವೇ ಆ ದಾರಿಯನ್ನೂ ತೋರಿಸಿ ಕಳಿಸಿದ್ದು! ಆಮೇಲೆ ಇನ್ನೊಂದು ಕಾರ್ಡು, ಇನ್ನೊಂದು ಹಗ್ಗ, ಇದೇ ಪಡಸಾಲೆಯಲ್ಲಿ ಈ ಮನುಷ್ಯ ಸಾಯುವ ತನಕ ತಿರುಗುವುದು, ನಾನು ನೋಡುವುದು. ಫೋನು ಮಾಡಲು ಕೈ ಬರಲಿಲ್ಲ. ಈಗ ಇವರ ಜಾಗದಲ್ಲಿ ನಾನು ತಿರುಗುತ್ತಿದ್ದೆ, ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಹಿತ್ತಲಿಗೆ.

"ನೀನರ ಕೂಡವಾ, ನನ್ನ ಕಣ್ಣು ತಿರಗಲಿಕತ್ತಾವ" ಅಂದರು ಅತ್ತೆ.

ದೀಪ ಹಚ್ಚುವ ಹೊತ್ತಿಗೆ ಬಂದರು. ಅಂಗಿಯ ಹೆಗಲ ಮೇಲೆ, ಹುಬ್ಬಿನ ಮೇಲೆ, ಕಿವಿಯ ಹಿಂದೆ ಬೂದಿಬಣ್ಣದ ಪುಡಿ. ಫರಸಿಯ ಧೂಳು. ಕೈಯಲ್ಲಿ ಚೀಲವಿಲ್ಲ. ಕಾಲು ತೊಳೆದುಕೊಂಡು ನೇರ ತಾಟಿನ ಮುಂದೆ ಕೂತರು.

"ಕೂಪನ್?" ಅಂದೆ.

ಇವರು ಕಿಸೆ ಮುಟ್ಟಿ ನೋಡಿಕೊಂಡರು. ಕಾರ್ಡು ಹೊರಗೆ ತೆಗೆದರು. ಶಹಾಬಾದಿನ ಮನೆ ಖಾಲಿ.

"ಮರತೆ" ಅಂದರು.

ಮಜ್ಜಿಗೆ ಅನ್ನದ ತನಕ ಕೂತು ಊಟ ಮಾಡಿದರು. ಆಮೇಲೆ ನನಗಲ್ಲ, ಅತ್ತೆಗೆ ಹೇಳಿದರು: "ಅವ್ವಾ, ದ್ವಾದಶಿ ಪಾರಣಿ ಜಲ್ದಿ ಮುಗಸೋಣ. ನನಗ ಗಾಡಿ ಹಿಡೀಬೇಕು."

ನಾನು ತಾಟು ಎತ್ತಿಕೊಂಡು ಒಳಗೆ ಹೋದೆ. ಅಲ್ಲೇ ಇದ್ದರೆ ಅತ್ತುಬಿಡುತ್ತಿದ್ದೆ.

ದ್ವಾದಶಿಯ ನಸುಕಿನಲ್ಲಿ ಮಂಚದ ಕೆಳಗಿನಿಂದ ಮೊದಲ ಚೀಲ ಎಳೆದೆ. ಇಂಗಿನ ಒಗ್ಗರಣೆ ಬಿದ್ದ ತೊವ್ವೆಯ ವಾಸನೆ ಎಷ್ಟೋ ದಿನಗಳ ಮೇಲೆ ಮನೆಯಲ್ಲಿ ಹರಡಿತು. ಪಾಕೀಟಿನ ಬೇಳೆ, ತೆಂಗಳಿಯ ಬೇಳೆಯಷ್ಟು ರುಚಿ ಇರಲಿಲ್ಲ, ಯಾರೂ ಹೇಳಲಿಲ್ಲ. ಇವರು ಉಂಡು, ಡಬ್ಬಿ ಕಟ್ಟಿಸಿಕೊಂಡು ಹೊರಟರು.

ಮನೆ ಶಾಂತವಾಯಿತು. ನನಗೆ ಬೇಕಾದದ್ದು ಅದೇ ತಾನೆ? ಆದರೆ ನನ್ನ ಕಾಲಿಗೆ ಶಾಂತಿ ಇಲ್ಲ. ಒಂಬತ್ತರ ಹೊತ್ತಿಗೆ ನಿಲ್ದಾಣದ ಕಡೆಯಿಂದ ಬಸ್ಸಿನ ಸದ್ದು ಕೇಳಿದರೆ ಅಂಗಾಲು ತುರಿಸಿದ ಹಾಗೆ. ಅಲ್ಲಿ ಇವರು ಏನು ಮಾಡುತ್ತಿದ್ದಾರೋ, ಧೂಳು ಬೇಡವೆಂದು ಎದ್ದು ಬಂದುಬಿಟ್ಟರೋ ಎಂಬ ಗುಂಗು ಬೇರೆ. ಸಂಜೆ ಕೇಳಿದರೆ "ಇರ್ತದ" ಅನ್ನುವುದಷ್ಟೇ ಉತ್ತರ. ಕಾರ್ಡು ಗಡಿಯಾರದ ಹಿಂದೆ ಸಿಕ್ಕಿಸಿದಲ್ಲೇ ಇತ್ತು. ಅಂಗಡಿಯ ಮುಂದಿನಿಂದಲೇ ದಿನವೂ ಹಾಯುವ ಮನುಷ್ಯ ಅದನ್ನು ಒಯ್ಯಲೇ ಇಲ್ಲ.

ಹುಣ್ಣಿಮೆಯ ದಿನ, ಕೊನೆಯ ದಿನ, ನನಗೆ ತಡೆಯಲಾಗಲಿಲ್ಲ. ಇಷ್ಟು ಬಸ್ಸು ಹತ್ತಿ ಇಳಿದು, ಇಷ್ಟು ಬೇಳೆ ಹೊತ್ತು, ಒಂದು ಊರಿಗಾಗಿ ಬಿಡುವುದೇ? ಕಾರ್ಡು ಪರ್ಸಿನಲ್ಲಿಟ್ಟುಕೊಂಡೆ. "ಎಲ್ಲಿಗಿ?" ಅಂದ ಅತ್ತೆಗೆ "ಕೂಪನ್ ತರ್ತೀನಿ" ಅಂದು ಹೊರಟೆ.

ಶಹಾಬಾದಿನಲ್ಲಿ ಇಳಿದಾಗ ಅಂಗಡಿ ಎದುರಿಗೇ ಇತ್ತು. ಗಿರಣಿಗಳ ರಸ್ತೆ ಅದರ ಪಕ್ಕಕ್ಕೆ. ಮೊದಲು ದೂರದಿಂದ ಒಂದು ಸಲ ನೋಡಿ ಬರೋಣ ಎಂದು ಆ ಕಡೆ ನಡೆದೆ. ಎರಡೂ ಬದಿಗೆ ಕಲ್ಲಿನ ಅಟ್ಟಿಗಳು, ಯಂತ್ರದ ಕರ್ಕಶ ಸದ್ದು, ರಸ್ತೆಯ ಮೇಲೆ ಬೂದು ಕೆಸರು. ಸೆರಗು ಮೂಗಿಗೆ ಹಿಡಿದುಕೊಂಡು ಒಂದು ಲಾರಿಯ ಹಿಂದೆ ನಿಂತೆ.

ಆ ಸದ್ದಿನ ಮೇಲೆ ಒಂದು ದನಿ ಕೇಳಿತು.

"ಒಡದ ಫರಸಿ ಯಾರ ಲೆಕ್ಕಕ್ಕ ಹಚ್ಚಲೋ? ನಿಮ್ಮಪ್ಪನ ಲೆಕ್ಕಕ್ಕ ಹಚ್ಚಲೇನು? ಇಳಸು, ಮೊದಲ ಇಳಸು ಅಂತೀನಿ!"

ಇವರೇ. ಕೈಯಲ್ಲಿ ಅಳತೆಯ ಟೇಪು, ತಲೆಗೆ ಕರವಸ್ತ್ರ, ಮುಖ ಕೆಂಪಗೆ. ಲಾರಿಯ ಡ್ರೈವರನನ್ನೂ ಬಿಡಲಿಲ್ಲ, ಅವನೂ ಒದರಿದ, ಹಮಾಲರು ನಡುವೆ ಬಂದು ನಕ್ಕರು. ಕಡೆಗೆ ಒಡೆದ ಕಲ್ಲು ಇಳಿಯಿತು. ಯಾರೋ ಚಹಾ ತಂದುಕೊಟ್ಟರು. ಇವರು ಫರಸಿಯ ಅಟ್ಟಿಯೊಂದರ ಮೇಲೆ ಕಾಲು ಚಾಚಿ ಕೂತರು. ಅದೇ ಡ್ರೈವರು ಪಕ್ಕದಲ್ಲಿ ಕೂತ. ಬಶಿಗೆ ಸುರಿದುಕೊಂಡು, ಊದಿ ಊದಿ, ಗುಟುಕು ಗುಟುಕಾಗಿ ಕುಡಿದರು. ಕೂತೇ ಇದ್ದರು. ನಾನು ನಿಂತೇ ಇದ್ದೆ. ಕರೆಯಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಸೇಡಂ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದಾಗ ಓಡಿ ಹೋಗಿ ಹತ್ತಿದೆ.

ಚಿತ್ತಾಪುರ ದಾಟಿದ ಮೇಲೆ ಶೇಂಗಾದವನಿಗೆ ಬಿಡಿ ಕಾಸು ಕೊಡಲೆಂದು ಪರ್ಸು ತೆಗೆದರೆ ಕಾರ್ಡು. ನಾಲ್ಕು ಮನೆ ತುಂಬಿ, ಒಂದು ಖಾಲಿ. ನನಗೆ ನಗು ಬಂತು. ನಗುತ್ತ ನಗುತ್ತ ಕಣ್ಣೀರು ಸುರಿಯತೊಡಗಿತು, ಒರೆಸಿಕೊಂಡಷ್ಟೂ ಬಂತು. ಪಕ್ಕದವಳು ಹೆದರಿ "ಯಾರರ ಹೋದ್ರೇನ್ರಿ ಅಕ್ಕಾ?" ಅಂದಳು. "ಇಲ್ರೀ, ಬಂದಾರ" ಅಂದೆ. ಅವಳಿಗೆ ಏನು ತಿಳಿಯಿತೋ, ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ರಾತ್ರಿಯ ಊಟಕ್ಕೆ ಇವರು ಕೂತಾಗ ನನ್ನ ಸೆರಗಿನ ಗಂಟಿನಿಂದ ಸೊನ್ನೆಯ ಟಿಕೀಟು ಕೆಳಗೆ ಬಿತ್ತು. ಎತ್ತಿ ದೀಪಕ್ಕೆ ಹಿಡಿದು ಓದಿದರು. ಕಾಗದದ ಚೂರು ಕಂಡರೆ ಓದದೆ ಬಿಡುವ ಮನುಷ್ಯ ಅಲ್ಲವಲ್ಲ.

"ಶಹಾಬಾದಿಗಿ ಬಂದಿದ್ದೀ?"

"ಹ್ಞೂಂ."

"ಕೂಪನ್?"

"ಮರತೆ."

ನನ್ನನ್ನೇ ನೋಡಿದರು. "ಬಂದಾಕಿ ಕರೀಬೇಕಿಲ್ಲ?"

"ಜಗಳಾ ಮಾಡ್ಲಿಕತ್ತಿದ್ರಿ" ಅಂದೆ. "ಭಾಳ ಛಲೋ ಕಾಣ್ತಿತ್ತು."

ಟಿಕೀಟನ್ನು ಮಡಚಿ ಅಂಗಿಯ ಕಿಸೆಯಲ್ಲಿ, ಪೆನ್ನಿನ ಪಕ್ಕ ಇಟ್ಟುಕೊಂಡರು. ಆಮೇಲೆ ತಾಟು ಮುಂದೆ ಸರಿಸಿ, ಇನ್ನೊಂದು ಸೌಟು ತೊವ್ವೆ ಹಾಕು ಅಂದರು.